ಶಾಲಿನ ಅಂಗಡಿಯೂ ನನ್ನ ಮಾಮಿಯೂ

ತಲೆಗೆ ಸುತ್ತುವ ಎರಡು ಮೀಟರ್ ಬಟ್ಟೆಯಲ್ಲಿ ನಗುವಂಥದ್ದು ಏನಿದೆ ಎಂದು ಕೇಳುವವರು ಒಂದು ದಿನ ನನ್ನ ಅಂಗಡಿಯಲ್ಲಿ ಬಂದು ಕೂರಬೇಕು. ಕುಂದಾಪುರ ಬಸ್‌ಸ್ಟ್ಯಾಂಡಿನಿಂದ ಎರಡು ನಿಮಿಷದ ನಡಿಗೆ. ಹಿಜಾಬಿನ ಶಾಲು, ಪಿನ್ನು, ನಾನೇ ಹೊಲಿಯುವ ಬುರ್ಖಾ, ಇಷ್ಟೇ ವ್ಯಾಪಾರ. ಹೊರಗಿನವರಿಗೆ ನಾವೆಲ್ಲ ಒಂದೇ ಥರ ಕಾಣಬಹುದು. ನನಗೆ ಮಾತ್ರ ಬಾಗಿಲಿಗೆ ಬಂದ ಕೂಡಲೇ ಗುರುತು ಸಿಗುತ್ತದೆ. ಗಲ್ಲದ ಕೆಳಗೆ ಒಂದೇ ಪಿನ್ನು ಚುಚ್ಚಿದವಳು ಒಲೆಯ ಮೇಲೆ ಹಾಲಿಟ್ಟು ಬಂದವಳು. ನೆರಿಗೆ ಎಣಿಸಿ ಕೂರಿಸಿದವಳು ಮದುವೆಗೆ ಹೊರಟವಳು. ಒಂದು ತುದಿಯನ್ನು ಹೆಗಲ ಮೇಲೆ ಸುಮ್ಮನೆ ಎಸೆದ ಹಾಗೆ ಬಿಟ್ಟವಳು ಕನ್ನಡಿ ಮುಂದೆ ಅರ್ಧ ಗಂಟೆ ಕಳೆದವಳು.

ನನ್ನ ಕೈಗೆ ಸಿಗದ ಗಿರಾಕಿ ಒಬ್ಬರೇ, ನನ್ನ ಮಾಮಿ, ಅಂದರೆ ಗಂಡನ ತಾಯಿ. ಅಂಗಡಿ ತೆರೆದು ನಾಲ್ಕು ವರ್ಷವಾದರೂ ಅದರ ಒಂದು ನೂಲನ್ನೂ ಅವರು ಮೈಗೆ ತಾಗಿಸಿಕೊಂಡವರಲ್ಲ. "ಕಪ್ಪ್ ಬುರ್ಖಾ, ಬಿಳಿ ಶಾಲ್. ಅದ್ರ್ ಮೇಲೆ ಎಂತ ಬೇಕ್?" ಎನ್ನುತ್ತಾರೆ. ಮನೆಯಲ್ಲಿ ನಾವು ಬ್ಯಾರಿ ಭಾಷೆ ಮಾತಾಡುವವರು, ಆದರೆ ನನ್ನನ್ನು ಬೈಯಲಿಕ್ಕೆ ಮಾಮಿಗೆ ಕುಂದಾಪ್ರ ಕನ್ನಡವೇ ಆಗಬೇಕು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ನಿಜ. ಆದರೂ ಊರಿಗೆಲ್ಲ ಉಡಿಸುವವಳು ಮನೆಯವರಿಗೆ ಒಮ್ಮೆಯಾದರೂ ಉಡಿಸಿಯೇ ಸಿದ್ಧ ಎಂದು ನನಗೆ ಹಟ ಹಿಡಿದಿತ್ತು.

ಒಂದು ಪಿನ್ನಿನ ಕೆಲಸ

ಒಂದು ಬೆಳಿಗ್ಗೆ ಇಬ್ಬರು ಹೆಂಗಸರು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತ ಅಂಗಡಿಯ ಮೆಟ್ಟಿಲು ಹತ್ತಿದರು. ಒಬ್ಬಳು ಬೈಂದೂರಿನವಳು. ತೋಳಿಗೆ ಕಲ್ಲು, ಶಾಲಿಗೆ ಚಿಟ್ಟೆಯ ಪಿನ್ನು, ಎಲ್ಲ ಝಗಝಗ. ಹಲ್ಲು ತೋರಿಸಲು ಡಾಕ್ಟರಲ್ಲಿಗೆ ಹೊರಟವಳು. ಇನ್ನೊಬ್ಬಳು ಹೆಮ್ಮಾಡಿಯಲ್ಲಿ ಬಸ್ ಹತ್ತಿದವಳು, ತೆಳು ಶಿಫಾನ್ ಶಾಲಿನವಳು. ಬಸ್ಸಿನ ನೂಕುನುಗ್ಗಲಿನಲ್ಲಿ ಆ ಚಿಟ್ಟೆ ಈ ಶಿಫಾನಿಗೆ ಕಚ್ಚಿಕೊಂಡಿತ್ತು. ಎಳೆದರೆ ಶಾಲು ಹರಿಯುತ್ತದೆ, ಬಿಟ್ಟರೆ ಬೇರೆಯಾಗುವಂತಿಲ್ಲ.

"ಅಕ್ಕಾ, ಬೇಗ ಬಿಡ್ಸಿ, ಹಲ್ಲಿನ್ ಡಾಕ್ಟ್ರ್ ಹೊರಟ್ ಹೋತ್ರ್" ಎಂದಳು ಬೈಂದೂರಿನವಳು.

ನೂಲು ನೂಲಾಗಿ ಬಿಡಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಬಸ್ಸು ಹತ್ತುವಾಗ ಅವರಿಗೆ ಪರಸ್ಪರ ಹೆಸರೂ ಗೊತ್ತಿರಲಿಲ್ಲ. ಪಿನ್ನು ಬಿಡುವ ಹೊತ್ತಿಗೆ ಬೈಂದೂರಿನವಳ ತಮ್ಮನಿಗೆ ಹೆಮ್ಮಾಡಿಯವಳ ತಂಗಿ ಎಂದು ಮಾತು ಮುಗಿದಿತ್ತು. ಹಲ್ಲಿನ ಸುದ್ದಿ ಆಮೇಲೆ ಯಾರೂ ಎತ್ತಲಿಲ್ಲ.

ನೀರುಳ್ಳಿ ಬಣ್ಣ

ಹೆಂಡತಿಯ ಶಾಲು ತರಲು ಒಬ್ಬರೇ ಬರುವ ಗಂಡಸರನ್ನು ಕಂಡರೆ ನನಗೆ ಪಾಪ ಅನಿಸುತ್ತದೆ. ಒಬ್ಬರು ಬಂದು ಕಿಸೆ ತಡಕಿದರು. "ನೀರುಳ್ಳಿ ಸಿಪ್ಪಿ ಬಣ್ಣದ್ದ್ ಬೇಕಂಬ್ರ್. ಸಿಪ್ಪಿನೂ ಕೊಟ್ಟಿದ್ಲ್, ಎಲ್ಲೋ ಬಿದ್ ಹೋಯ್ತ್" ಎಂದವರು, ನಾನು ಬಾಯಿ ತೆರೆಯುವ ಮೊದಲೇ ಹೊರಗೆ ಓಡಿ ಒಂದು ನೀರುಳ್ಳಿ ಹಿಡಿದುಕೊಂಡು ಬಂದರು.

ಮೇಲಿನ ಸಿಪ್ಪೆ ತೆಗೆದು ಶಾಲುಗಳ ಮೇಲಿಟ್ಟರು, ಹೊಂದಲಿಲ್ಲ. ಇನ್ನೊಂದು ಪದರ ತೆಗೆದರು, ಮತ್ತೊಂದು ತೆಗೆದರು. ಅವರ ಕಣ್ಣಲ್ಲಿ ನೀರು, ನನ್ನ ಕಣ್ಣಲ್ಲಿ ನೀರು. ಪಕ್ಕದ ಬಳೆ ಅಂಗಡಿಯ ಅಮ್ಮ ಇಣುಕಿ ನೋಡಿ, "ಎಂತಾಯ್ತ್, ಯಾರ್ ಹೋದ್ರ್?" ಎಂದು ತಾವೂ ಕಣ್ಣೊರೆಸಿಕೊಂಡರು.

ಅಂತೂ ಒಳಗಿನ ಒಂದು ಪದರಕ್ಕೆ ಒಂದು ಶಾಲು ಹೊಂದಿತು. ಮರುದಿನ ಹೆಂಡತಿ ಅದೇ ಶಾಲು ಹಿಡಿದುಕೊಂಡು ಬಂದಳು. "ನೀರುಳ್ಳಿ ಬಣ್ಣವೇ ಹೌದ್ ಅಕ್ಕಾ. ಆರೆ ನಾನ್ ಹೇಳಿದ್ದ್ ಮೇಲಿನ್ ಸಿಪ್ಪಿ. ಇವ್ರ್ ಪಲ್ಯಕ್ಕೆ ಹಾಕುದ್ ತಂದಿದ್ರ್."

ಮಾಮಿ ಅಂಗಡಿ ನೋಡಿಕೊಂಡ ದಿನ

ಬ್ರಹ್ಮಾವರದಲ್ಲಿ ಒಬ್ಬ ಮದುಮಗಳಿಗೆ ಶಾಲು ಕಟ್ಟಲು ಹೋಗಬೇಕಿತ್ತು. ಬೇರೆ ದಾರಿ ಇಲ್ಲದೆ ಮಾಮಿಯನ್ನು ಅಂಗಡಿಯಲ್ಲಿ ಕೂರಿಸಿದೆ. ಸಂಜೆ ಬಂದು ನೋಡಿದರೆ ಒಂದು ಪಿನ್ನೂ ಕದಲಿಲ್ಲ.

"ಯಾರೂ ಬರ್ಲಿಲ್ದಾ ಮಾಮಿ?"

"ಬಾರ್ದೆ ಎಂತ? ಎಂಟ್ ಜನ ಬಂದಿದ್ರ್. ಮನೆಯಗೆ ಎಷ್ಟ್ ಶಾಲ್ ಇತ್ತ್ ಕೇಂಡೆ. ಹತ್ತ್ ಇತ್ತ್, ಹದ್ನೈದ್ ಇತ್ತ್ ಅಂದ್ರ್. ಹಾಂಗಾರೆ ಇನ್ನೊಂದ್ ಎಂತಕ್ಕೆ, ಎಷ್ಟ್ ತಲೆ ಇತ್ತ್ ನಿಮ್ಗೆ ಅಂದೆ. ಎಲ್ರೂ ಒಪ್ಕಂಡ್ ಹೋದ್ರ್" ಎಂದು ಮಾಮಿ ಹೆಮ್ಮೆಯಿಂದ ಎದ್ದರು.

ಸಿಟ್ಟು ನೆತ್ತಿಗೇರಿತು. ಆದರೆ ಒಂದು ಮಾತು ಒಪ್ಪಬೇಕು. ಎಂಟು ಹೆಂಗಸರನ್ನು ಒಂದೇ ದಿನ ಒಪ್ಪಿಸುವುದು ನನ್ನಿಂದ ಇವತ್ತಿನವರೆಗೂ ಆಗಿಲ್ಲ.

ಬೈಂದೂರಿನ ಮದುವೆ

ಪಿನ್ನಿನಿಂದ ಆದ ಸಂಬಂಧದ ಮದುವೆ ಬೈಂದೂರಿನಲ್ಲಿ ನಡೆಯಿತು. ನನ್ನನ್ನು ಬಿಟ್ಟು ಆಗುತ್ತದೆಯೇ? ಮಾಮಿಯೂ ಬಂದರು. ಮದುವೆ ಹಾಲ್‌ನಲ್ಲಿ ಹೆಂಗಸರಿಗೆ ಬೇರೆಯೇ ಕೋಣೆ, ಬೇರೆಯೇ ಊಟ. ಬುರ್ಖಾ, ಶಾಲು ತೆಗೆದು ಕೋಣೆಯಲ್ಲಿ ರಾಶಿ ಹಾಕಿ, ಒಳಗಿನ ರೇಷ್ಮೆ, ಚಿನ್ನ ಮೆರೆಸುತ್ತ ಬಿರಿಯಾನಿಗೆ ಹೋಗುವುದು ರೂಢಿ. ಜಾಣೆಯರು ಮೊದಲೇ ಗುರುತು ಮಾಡಿಟ್ಟಿರುತ್ತಾರೆ. ಒಬ್ಬಳು ತೋಳಿಗೆ ಕೆಂಪು ನೂಲು ಕಟ್ಟುತ್ತಾಳೆ, ಇನ್ನೊಬ್ಬಳು ಕಿಸೆಯಲ್ಲಿ ಲವಂಗ ಇಡುತ್ತಾಳೆ. ಮಾಮಿಗೂ ಹೇಳಿದೆ.

"ನನ್ನದ್ ಯಾರ್ ಕೊಂಡೋತ್ರ್? ಅದ್ರಗೆ ಎಂತ ಇತ್ತ್?" ಎಂದರು.

ಏನೂ ಇಲ್ಲದ್ದೇ ತೊಂದರೆಯಾಯಿತು. ಊಟ ಮುಗಿಸಿ, ನೆಂಟರನ್ನೆಲ್ಲ ಮಾತಾಡಿಸಿ ನಾವು ಬರುವಷ್ಟರಲ್ಲಿ ಏನೂ ಇಲ್ಲದ ಬುರ್ಖಾಗಳೆಲ್ಲ ಯಾರ್ಯಾರದೋ ಮೈಮೇಲೆ ಹೊರಟುಹೋಗಿದ್ದವು. ನನ್ನದನ್ನು ಬಿಟ್ಟರೆ ಉಳಿದದ್ದು ಒಂದೇ. ತೋಳಿನ ತುಂಬ ಬಿಳಿ ಕಲ್ಲು, ಅಂಚಿಗೆ ನೇರಳೆ ಪಟ್ಟಿ, ಅದಕ್ಕೆ ಹೊಂದುವ ನೇರಳೆ ಶಾಲು. ನಾನೇ ಹೊಲಿದ ಬುರ್ಖಾ, ಆ ಚಿಟ್ಟೆಯ ಪಿನ್ನಿನವಳದ್ದು. ಹೊರಗೆ ವ್ಯಾನಿನವನು ಹಾರ್ನ್ ಒತ್ತುತ್ತಿದ್ದ.

"ನಾನ್ ಬತ್ತಿಲ್ಲೆ, ಇಲ್ಲೇ ಇರ್ತೆ" ಎಂದರು ಮಾಮಿ.

"ಇರಿ. ರಾತ್ರೆ ಊಟಕ್ಕೆ ಇಲ್ಲಿ ಎಂತದೂ ಇಲ್ಲ" ಎಂದೆ.

ಮಾಮಿ ಕಣ್ಣು ಮುಚ್ಚಿ ಕೈ ಚಾಚಿದರು. ತೊಡಿಸಿದೆ. ನೇರಳೆ ಶಾಲನ್ನು ನಾಲ್ಕು ವರ್ಷದ ಹಟವನ್ನೆಲ್ಲ ಸೇರಿಸಿ, ನೆರಿಗೆ ಎಣಿಸಿ ಕಟ್ಟಿದೆ. ಹೊರಗೆ ಬಂದ ಕೂಡಲೇ ಅವರ ಹಳೆಯ ಗೆಳತಿಯೊಬ್ಬರು, "ಹ್ವಾಯ್, ಇವತ್ತ್ ಮದುಮಗಳ್ ಇಬ್ರಾ?" ಎಂದು ಕೂಗಿದರು. ಮಾಮಿ ದಡಬಡ ವ್ಯಾನ್ ಹತ್ತಿದರು.

ಮರವಂತೆ ಬರುವವರೆಗೂ ಮಾಮಿ ಕಲ್ಲಿನ ತೋಳನ್ನು ಮಡಿಲಲ್ಲಿ ಅಡಗಿಸಿ ಕೂತರು. ಅಲ್ಲಿ ಕಡಲ ಗಾಳಿ ಬೀಸಿದ್ದೇ ನನ್ನನ್ನು ತಿವಿದರು. "ಗಾಜ್ ಏರ್ಸ್ ಹೆಣ್ಣೇ, ಉಪ್ಪಿನ್ ಗಾಳಿಗೆ ಕಲ್ಲಿನ್ ಹೊಳಪ್ ಹೋತ್."

ಮರುದಿನ ಬೈಂದೂರಿನವಳು ಮಾಮಿಯ ಬುರ್ಖಾ, ಶಾಲು ಅಂಗಡಿಗೆ ತಂದುಕೊಟ್ಟಳು. "ಮದುಮಗಳನ್ನ್ ಕರ್ಕಂಡ್ ಹೋಪ ಗಡಿಬಿಡಿಯಗೆ ಕೈಗೆ ಸಿಕ್ಕಿದ್ದ್ ಹಾಯ್ಕಂಡ್ ಓಡಿದೆ ಅಕ್ಕಾ. ನನ್ನದ್ ನಿಮ್ಮ್ ಮಾಮಿ ಹಾಯ್ಕಂಡ್ ಹೋದ್ರಂಬ್ರ್, ಅದ್ ಎಲ್ಲಿ?" ತೆಕ್ಕಟ್ಟೆಯ ನಮ್ಮ ಮನೆಯಲ್ಲಿದ್ದ ಮಾಮಿಗೆ ಫೋನ್ ಮಾಡಿದೆ.

"ತೊಳ್ದ್ ಹಾಕಿದ್ದೆ, ಒಣಗ್ಲಿಲ್ಲ" ಎಂದರು ಮಾಮಿ. ಮರುದಿನವೂ ಒಣಗಲಿಲ್ಲ, ಅದರ ಮರುದಿನವೂ ಇಲ್ಲ. ಏಪ್ರಿಲ್ ತಿಂಗಳು, ಅಂಗಳಕ್ಕೆ ಹಾಕಿದ ಹಪ್ಪಳ ಮಧ್ಯಾಹ್ನದೊಳಗೆ ಗರಿಗರಿಯಾಗುವ ಬಿಸಿಲು.

ನಾಲ್ಕನೆಯ ದಿನ ಮಾಮಿ ತಾವೇ ಅಂಗಡಿಗೆ ಬಂದರು. ಆ ಬುರ್ಖಾವನ್ನು ತರುವುದೇನು, ತೊಟ್ಟುಕೊಂಡೇ ಬಂದಿದ್ದರು. ಒಳಗೆ ಹೋಗಿ ಅಂಗಡಿಯಲ್ಲೇ ಇದ್ದ ತಮ್ಮ ಬುರ್ಖಾ ತೊಟ್ಟು, ಇದನ್ನು ಮಡಚಿ ನನ್ನ ಕೈಗಿಟ್ಟು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡರು.

"ನಂಗೂ ಒಂದ್ ಹೊಲಿ. ಕಲ್ಲ್ ಇರ್ಲಿ. ಆರೆ ತೋಳಿನ್ ಒಳ್ಗಿನ್ ಬದಿಗೆ ಹಚ್ಚ್."

"ಒಳ್ಗ್ ಹಚ್ಚಿರೆ ಯಾರ್ ಕಾಂತ್ರ್ ಮಾಮಿ? ಕೈಗೆ ಚುಚ್ಚತ್ತ್."

"ಚುಚ್ಚಲಿ. ನಂಗ್ ಗೊತ್ತಿದ್ರೆ ಸಾಕಲ್ದಾ?"

ನನಗೆ ಕುಣಿಯುವಷ್ಟು ಖುಷಿಯಾಯಿತು. ನಾಲ್ಕು ವರ್ಷದಲ್ಲಿ ಅಷ್ಟು ಮನಸ್ಸಿಟ್ಟು ಬೇರೆ ಯಾವುದನ್ನೂ ಹೊಲಿದಿಲ್ಲ. ಹೊರಗೆ ಅಚ್ಚ ಕಪ್ಪು, ತೋಳಿನ ಒಳಗೆ ಮೂರು ಸಾಲು ಕಲ್ಲು. ಈಗ ಮಾಮಿ ಯಾರ ಮನೆಗೆ ಹೋದರೂ, ಚಾ ಬಂದ ಕೂಡಲೇ ತೋಳನ್ನು ಎರಡು ಸುತ್ತು ಮಡಚುತ್ತಾರೆ. ತೋಳು ಮಡಚದೆಯೂ ಚಾ ಕುಡಿಯಬಹುದು ಎಂದು ಹೇಳಲು ನಾನು ಹೋಗಿಲ್ಲ.