ಪಾದ್ರಿಯ ಗೋತ್ರ

ಅಮೆರಿಕದಲ್ಲಿ ನಮ್ಮ ಚಿಕ್ಕಮ್ಮನಿಗಿರುವಷ್ಟು ನೆಂಟರು ಬೇರೆ ಯಾರಿಗೂ ಇರಲಾರರು! ಹಾಗಂತ ಆಕೆ ಆ ದೇಶವನ್ನು ಕಣ್ಣಿಂದ ಕಂಡವರೂ ಅಲ್ಲ. ತಾವಿರುವ ಆಕ್ಲೆಂಡಿನ ಹಿಲ್ಸ್‌ಬರೋ ಬಿಟ್ಟು ಹೊರಟರೆಂದರೆ ಬಾಟನಿ ಡೌನ್ಸ್‌ನ ಲೈಬ್ರರಿಗೆ. ನೆಂಟರೆಲ್ಲ ಅಲ್ಲಿನ ಕಪಾಟಿನಲ್ಲಿದ್ದಾರೆ. ಮಹಾಯುದ್ಧ ಮುಗಿದ ಮೇಲಿನ ಅಮೆರಿಕನ್ ಕಾದಂಬರಿಗಳು, ಅದರಲ್ಲೂ ದೇವರ ವಿಷಯಕ್ಕೆ ತಲೆ ಕೆಡಿಸಿಕೊಂಡವರ ಕಥೆಗಳೇ ಆಗಬೇಕು. ಸಾರಿಗೆ ಒಗ್ಗರಣೆ ಹಾಕುತ್ತ, "ಪಾಪ, ಹೆರಾಲ್ಡ್ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಕಣೆ" ಎನ್ನುತ್ತಾರೆ. ಮೊದಲ ಸಲ, ಪಕ್ಕದ ಮನೆಯವರೆಂದುಕೊಂಡು ನಾನು ಡಬ್ಬಿಗೆ ಚಿತ್ರಾನ್ನ ತುಂಬಿಬಿಟ್ಟಿದ್ದೆ!

ಹೆರಾಲ್ಡ್ ಕಾದಂಬರಿಯೊಂದರ ಪಾದ್ರಿ. ಮಗಳು ಸತ್ತ ಮೇಲೆ ಚರ್ಚಿಗೆ ಬೀಗ ಹಾಕಿ ಕೂತವನು. ಲೈಬ್ರರಿಯ ಓದುಗರ ಗುಂಪಿನಲ್ಲಿ ಆಕ್ಲೆಂಡಿನವರೇ ಆದ ಒಬ್ಬ ಅಜ್ಜಿ, ಅವನಿಗೆ ನಂಬಿಕೆಯೇ ಹೊರಟುಹೋಗಿದೆ ಎಂದು ತೀರ್ಪು ಕೊಟ್ಟರಂತೆ. ಚಿಕ್ಕಮ್ಮ ಬಿಡುತ್ತಾರೆಯೇ? ಅವನು ದೇವರ ಜೊತೆ ಟೂ ಬಿಟ್ಟಿದ್ದಾನೆ, ಅಷ್ಟೆ! ಟೂಗೆ ಇಂಗ್ಲಿಷ್ ಪದ ಸಿಗದೆ, ತುಟಿ ಬಿಗಿದು ಮುಖ ತಿರುಗಿಸಿ ಅಭಿನಯಿಸಿಯೇ ತೋರಿಸಿದರಂತೆ. ಮನೆಗೆ ಬಂದ ಮೇಲೆ ನನ್ನ ಜೊತೆ ವಾದ ಮುಂದುವರಿಯಿತು: "ನೀನೇ ಹೇಳೆ, ಇಲ್ಲದೇ ಇರೋರ ಜೊತೆ ಯಾರಾದ್ರೂ ಟೂ ಬಿಡ್ತಾರಾ?"

ಈ ವಾದ ಯಾರಿಗಾಗಿ ಎಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಅವರ ಒಬ್ಬಳೇ ಮಗಳು ಕಾಯಿಲೆಯಿಂದ ತೀರಿಕೊಂಡಿದ್ದಳು. ಪೂಜೆಯಾಗದೆ ಕಾಫಿ ಮುಟ್ಟದಿದ್ದ ಚಿಕ್ಕಪ್ಪ ಅಂದಿನಿಂದ ದೇವರ ಕೋಣೆಗೆ ಕಾಲಿಟ್ಟಿಲ್ಲ. ಪ್ರತಿ ಶನಿವಾರ ಹೆಂಡತಿಯನ್ನು ದೇವಸ್ಥಾನಕ್ಕೆ ಕರೆದೊಯ್ಯುತ್ತಾರೆ, ತಾವು ಕಾರಿನಲ್ಲೇ ಕೂರುತ್ತಾರೆ. ಒಳಗೆ ಬನ್ನಿ ಎಂದು ಚಿಕ್ಕಮ್ಮ ಒಂದು ದಿನವೂ ಕರೆಯಲಿಲ್ಲ. ಆದರೆ ಪ್ರತಿ ಸಲ ಬಾಗಿಲಲ್ಲಿ ನಿಂತು ಒಮ್ಮೆ ಹಿಂತಿರುಗಿ ನೋಡುತ್ತಾರೆ.

ಒಂದು ಶನಿವಾರ ನಾನೂ ಹೋಗಿದ್ದೆ. ಅರ್ಚನೆಗೆ ಚಿಕ್ಕಮ್ಮ ಗಂಡನ ಹೆಸರು ಹೇಳಿದರು, ತಮ್ಮದು ಹೇಳಿದರು, ಆಮೇಲೆ ಗಂಭೀರವಾಗಿ, "ಹೆರಾಲ್ಡ್" ಎಂದರು.

ಅರ್ಚಕರು ತಲೆ ಎತ್ತಿದರು. "ಗೋತ್ರ?"

"ಗೊತ್ತಿಲ್ಲ, ಅಮೆರಿಕದವರು. ಗೋತ್ರ ಗೊತ್ತಿಲ್ದೋರಿಗೆ ಕಾಶ್ಯಪ ಅಂತಾರಲ್ಲ, ಅದನ್ನೇ ಹೇಳಿ."

"ನಕ್ಷತ್ರ?"

"ಪುಸ್ತಕದಲ್ಲಿ ಬರ್ದಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಹೊರಗೆ ಓಡಿ ಬಂದು, ಕಾರಿನ ಕಿಟಕಿಗೆ ಬಗ್ಗಿ ಚಿಕ್ಕಪ್ಪನಿಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ.

"ಮೂರು ಹೆಸರು ಹೇಳಿದ್ಲಾ?"

"ಹೂಂ."

"ಮಗು ಹುಟ್ಟಿದಾಗಿಂದ ಮೂರೇ ಹೇಳಿ ಅಭ್ಯಾಸ ಅವಳಿಗೆ. ಎರಡಕ್ಕೆ ನಿಲ್ಲಿಸೋಕೆ ಅವಳ ಕೈಲಿ ಆಗಲ್ಲಮ್ಮ."

ನನ್ನ ನಗುವಿಗೆ ನನಗೇ ನಾಚಿಕೆಯಾಯಿತು. ಚಿಕ್ಕಪ್ಪ ಬೆಲ್ಟ್ ಬಿಚ್ಚಿ ಇಳಿದರು. ಒಳಗೆ ಹೋಗಿ ಹೆಂಡತಿಯ ಪಕ್ಕದಲ್ಲಿ ನಿಂತರು. ದೇವರ ಕಡೆ ನೋಡಲಿಲ್ಲ, ಕೈ ಮುಗಿಯಲಿಲ್ಲ. ಮಂಗಳಾರತಿ ತಟ್ಟೆ ಬಂತು, ಮುಟ್ಟಲೂ ಇಲ್ಲ. ಚಿಕ್ಕಮ್ಮ ಎರಡೂ ಕೈಯನ್ನು ಆರತಿಯ ಮೇಲೆ ಹಿಡಿದು, ಆ ಬೆಚ್ಚನೆಯ ಅಂಗೈಗಳನ್ನು ಗಂಡನ ಕೆನ್ನೆಗಳಿಗೆ ಒತ್ತಿದರು. ಚಿಕ್ಕಪ್ಪ ಮುಖ ತಿರುಗಿಸಿಕೊಳ್ಳಲಿಲ್ಲ.