ಶಂಕರಪ್ಪನ ರವಿವಾರದ ಊಟ

ದಾಂಡೇಲಿಯ ನಮ್ಮ ಕಾಲೊನಿಯಲ್ಲಿ ಜ್ವರ ಬಂದವರು ಡಾಕ್ಟರ ಹತ್ತಿರ ಹೋಗುತ್ತಾರೆ, ಹಸಿವಾದವರು ನನ್ನ ಹತ್ತಿರ ಬರುತ್ತಿದ್ದರು. ಊಟ ಮಾಡಲು ಅಲ್ಲ, ಎಲ್ಲಿ ಊಟ ಮಾಡಬೇಕು ಎಂದು ಕೇಳಲು! ಬಸ್ ಸ್ಟ್ಯಾಂಡಿನ ಹಿಂದಿನ ಗಾಡಿಯಲ್ಲಿ ಮೊದಲು ಕರಿದ ಮಿರ್ಚಿ ಭಜಿ ತಿನ್ನಬಾರದು, ಎಣ್ಣೆ ಇನ್ನೂ ಸರಿಯಾಗಿ ಕಾದಿರುವುದಿಲ್ಲ. ಕಾರ್ಖಾನೆ ಗೇಟಿನ ಎದುರಿನ ಗಿರಮಿಟ್ಟನ್ನು ಪಾಳಿ ಬಿಡುವ ಮುಂಚೆಯೇ ತಿನ್ನಬೇಕು, ಆಮೇಲೆ ಬರೀ ಚುರಮುರಿ ಉಳಿದಿರುತ್ತದೆ. ಕುಳಗಿಗೆ ಕಾಡು ನೋಡಲು ಬಂದವರು, ಅನಮೋಡ ಘಾಟ ದಾಟಿ ಗೋವಾಕ್ಕೆ ಹೊರಟವರು, ಎಲ್ಲರೂ ನನ್ನನ್ನು ಕೇಳಿಯೇ ತಿಂದು ಮುಂದೆ ಹೋಗಿದ್ದಾರೆ. ಈ ಹುದ್ದೆಗೆ ನಾನು ಅರ್ಜಿ ಹಾಕಿದವನಲ್ಲ. ಆದರೆ ಇದಕ್ಕೆ ನಿವೃತ್ತಿ ಇಲ್ಲ ಎಂದು ಬಲವಾಗಿ ನಂಬಿದ್ದೆ.

ಅಷ್ಟರಲ್ಲಿ ಬಾಜೂ ಮನೆಗೆ ಶಂಕರಪ್ಪ ಬಂದ.

ಬೈಲಹೊಂಗಲದ ಕಡೆಯವನು. ನಮ್ಮ ಕಾರ್ಖಾನೆಯಲ್ಲೇ ಕೆಲಸ. ನಗುಮುಖ, ಮೆತ್ತನೆಯ ಮಾತು. ಅಂಥವರನ್ನು ದ್ವೇಷಿಸುವುದು ಬಹಳ ಕಷ್ಟದ ಕೆಲಸ. ಆದರೂ ನಾನು ಮಾಡಿದೆ! ಯಾಕೆಂದರೆ ಬಂದ ಕೆಲವೇ ದಿನಗಳಲ್ಲಿ ಅವನು ಗಿರಮಿಟ್ಟಿನ ಗಾಡಿಯವನಿಗೆ ಪುಠಾಣಿ ಹಿಟ್ಟು ಕಲಸುವ ಮೊದಲು ಹಾಕಬಾರದು, ಕೊನೆಗೆ ಉದುರಿಸಬೇಕು ಎಂದು ಹೇಳಿಕೊಟ್ಟ. ಗಾಡಿಯವನು ಹಾಗೇ ಮಾಡಿದ. ಕಾಲೊನಿಯವರೆಲ್ಲ ಆಹಾ ಅಂದರು. ನಾನೂ ಕದ್ದು ತಿಂದು ನೋಡಿದೆ. ನಿಜವಾಗಿಯೂ ಚೆನ್ನಾಗಿತ್ತು. ಹೊಟ್ಟೆ ಉರಿಯಿತು; ಖಾರದಿಂದಲ್ಲ.

ಅಂದಿನಿಂದ ಜನ ನನ್ನ ಬಾಗಿಲು ದಾಟಿ ಅವನ ಬಾಗಿಲಿಗೆ ಹೋಗತೊಡಗಿದರು. ಅದನ್ನಾದರೂ ಸಹಿಸಬಹುದಿತ್ತು. ಆದರೆ ರವಿವಾರದ ಊಟ ಇತ್ತಲ್ಲ, ಅದು ನನ್ನ ನಿದ್ದೆ ಕೆಡಿಸಿತು. ಪ್ರತಿ ರವಿವಾರ ಶಂಕರಪ್ಪ ಸ್ಕೂಟರ್ ಹತ್ತಿ ಹಳಿಯಾಳಕ್ಕೆ ಹೋಗುತ್ತಿದ್ದ. ಸಂಜೆ ಹೊಟ್ಟೆ ಸವರಿಕೊಳ್ಳುತ್ತ ಬಂದು, "ಊಟ ಅಂದ್ರ ಅದು ನೋಡ್ರಿ! ಆ ಎಣ್ಣಿಗಾಯಿ, ಆ ರೊಟ್ಟಿ... ದಾಂಡೇಲ್ಯಾಗ ಹುಡಕಿದ್ರೂ ಸಿಗೂದಿಲ್ಲ" ಎನ್ನುತ್ತಿದ್ದ. ಹಳಿಯಾಳದ ಒಂದೊಂದು ಖಾನಾವಳಿಯೂ ನನಗೆ ಗೊತ್ತು. ನನಗೆ ಗೊತ್ತಿಲ್ಲದ ಖಾನಾವಳಿ ಇವನಿಗೆ ಹೇಗೆ ಸಿಕ್ಕಿತು?

"ಎಲ್ಲಿ ಅಂತ ಕೇಳಿಬಿಡ್ರಿ, ಅದಕ್ಯಾಕ ಇಷ್ಟ ಒದ್ದಾಡ್ತೀರಿ?" ಎಂದಳು ಹೆಂಡತಿ ನೀಲವ್ವ.

"ನಾನು? ಅವನ್ನ ಕೇಳೂದ? ಊಟದ ವಿಷಯ?"

"ಬಾಯಿ ಸವಿತೈತೇನು?"

ಬಾಯಿ ಸವೆಯುವುದಿಲ್ಲ, ಮರ್ಯಾದೆ ಸವೆಯುತ್ತದೆ. ಹೆಂಗಸರಿಗೆ ಇದು ತಿಳಿಯುವುದಿಲ್ಲ.

ಇಂಥ ಹೊತ್ತಿನಲ್ಲಿ ನೀಲವ್ವನ ತಮ್ಮ ಚನ್ನು ಧಾರವಾಡದಿಂದ ಬಂದ. ವರ್ಷಗಳಿಂದ ನನ್ನ ನಾಲಿಗೆಯ ಮೇಲೆ ಭಕ್ತಿ ಇಟ್ಟಿದ್ದ ಹುಡುಗ. ಅವನೇ ಶನಿವಾರ ರಾತ್ರಿ, "ಮಾಮಾ, ನಾಳೆ ಹೊಸಾ ಜಾಗಾ ತೋರಸ್ರಿ. ಇಲ್ಲಾಂದ್ರ ಬಾಜೂ ಮನಿ ಶಂಕರಪ್ಪನವ್ರನ್ನ ಕೇಳ್ತೇನಿ. ಅವ್ರಿಗೆ ಭಾಳ ಗೊತ್ತಂತಲ್ಲ?" ಎಂದುಬಿಟ್ಟ. ಮನೆಯೊಳಗಿನ ಕೊನೆಯ ಭಕ್ತನೂ ಕೈಬಿಡುತ್ತಿದ್ದಾನೆ!

"ಯಾರನ್ನೂ ಕೇಳೂದ ಬ್ಯಾಡ. ನಾಳೆ ಹಳಿಯಾಳಕ್ಕ ಹೋಗೂಣು. ಅಂಥಾ ಊಟ ನೀ ಜನ್ಮದಾಗ ಉಂಡಿರಬಾರದು," ಎಂದೆ.

ಮರುದಿನ ಶಂಕರಪ್ಪನ ಸ್ಕೂಟರ್ ಹೊರಟಿತು. ಅದರ ಹಿಂದೆ, ಮರ್ಯಾದೆಯ ಅಂತರ ಬಿಟ್ಟು, ನಮ್ಮ ಬೈಕು. ಹಳಿಯಾಳ ಪೇಟೆಯಲ್ಲಿ ಅವನು ನಿಂತು ಹೂವಿನ ಮಾಲೆ, ವೀಳ್ಯದೆಲೆ, ಬಾಳೆಹಣ್ಣು ಕೊಂಡ.

"ಮಾಮಾ, ಊಟಕ್ಕ ಹೊಂಟವಗ ಹೂವ ಯಾಕ?"

"ಖಾಯಂ ಗಿರಾಕಿ ಪಾ. ಖಾನಾವಳಿ ದೇವರ ಫೋಟೋಕ್ಕ ಮಾಲಿ ಹಾಕಿ, ಬಿಸಿ ರೊಟ್ಟಿ ಮೊದ್ಲ ತಾ ಹೊಡಕೋತಾನ. ಭಾರೀ ಶಾಣ್ಯಾ ಅಂವಾ!"

ನನ್ನ ಬುದ್ಧಿವಂತಿಕೆಗೆ ಚನ್ನು ತಲೆದೂಗಿದ. ನಾನೂ ತಲೆದೂಗಿದೆ.

ಒಂದು ಓಣಿಯ ತಿರುವಿನಲ್ಲಿ ಸ್ಕೂಟರ್ ಕಣ್ತಪ್ಪಿತು. ಹುಡುಕಿದಾಗ ಒಂದು ಮನೆಯ ಮುಂದೆ ನಿಂತಿತ್ತು. ಬೋರ್ಡಿಲ್ಲ. ನಮ್ಮ ಕಡೆ ಒಳ್ಳೆಯ ಖಾನಾವಳಿಗೆ ಬೋರ್ಡು ಯಾಕೆ ಬೇಕು? ಯಾರದೋ ಮನೆಯ ಪಡಸಾಲೆ, ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಹೊರಗೆ ಚಪ್ಪಲಿಗಳ ರಾಶಿ, ಇಷ್ಟಿದ್ದರೆ ಆಯಿತು. ಇಲ್ಲಿ ಮೂರೂ ಇದ್ದವು. ಪಡಸಾಲೆಯಲ್ಲಿ ಜನ ಸಾಲಾಗಿ ಊಟಕ್ಕೆ ಕೂತಿದ್ದರು. "ಸಿಕ್ಕಿಬಿದ್ದ ಮಗ!" ಎಂದು ಮನಸ್ಸಿನಲ್ಲೇ ಕುಣಿದೆ.

ಬಾಗಿಲಲ್ಲಿ ವಿಭೂತಿ ಹಚ್ಚಿಕೊಂಡ ಹಿರಿಯರೊಬ್ಬರು ಎರಡೂ ಕೈ ಜೋಡಿಸಿದರು. "ಬರ್ರಿ, ಬರ್ರಿ! ನಿಮ್ಮ ದಾರೀನ ಕಾಯಾಕತ್ತಿದ್ವಿ. ಹಾದ್ಯಾಗ ತ್ರಾಸ ಆಗಲಿಲ್ಲಲ್ಲ? ಕೈಕಾಲ ತೊಳಕೊಳ್ರಿ" ಎಂದು ತಾವೇ ತಂಬಿಗೆಯಿಂದ ನೀರು ಕೊಟ್ಟರು. ಮಾಲೀಕನೇ ಕಾಲಿಗೆ ನೀರು ಕೊಡುವ ಖಾನಾವಳಿ! ಶಂಕರಪ್ಪ ಇದನ್ನು ಬಚ್ಚಿಟ್ಟದ್ದು ಸುಮ್ಮನೆ ಅಲ್ಲ.

ಕೂತೆವು. ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಶೇಂಗಾ ಚಟ್ನಿ, ಕೆನೆಮೊಸರು, ಝುಣಕ ಬಂದವು. ಒಂದು ತುತ್ತು ಬಾಯಿಗಿಟ್ಟೆ. ದೇವರಾಣೆ, ಅಂಥ ಎಣ್ಣೆಗಾಯಿ ನಾನು ತಿಂದಿರಲಿಲ್ಲ. ಇದನ್ನು ಶಂಕರಪ್ಪ ವಾರವಾರವೂ ತಿನ್ನುತ್ತಾನಲ್ಲ ಎಂದು ನೆನೆದು ಎರಡನೆಯ ತುತ್ತನ್ನು ಸಿಟ್ಟಿನಿಂದ ಅಗಿದೆ. ಚನ್ನು ಬೇರೆ ಕಣ್ಣು ಮುಚ್ಚಿಕೊಂಡು ಉಣ್ಣುತ್ತಿದ್ದ. ಹೊಗಳಿದರೆ ಶಂಕರಪ್ಪ ಗೆದ್ದ ಹಾಗೆ. ಆದ್ದರಿಂದ ಗಟ್ಟಿಯಾಗಿ ಹೇಳಿದೆ: "ಖಾರ ಕಮ್ಮಿ ಆತು. ರೊಟ್ಟಿ ಇನ್ನೂ ತೆಳ್ಳಗ ಬರಬೇಕು."

ಹಿರಿಯರ ಮುಖ ಬಿಳುಚಿತು. ಒಳಗೆ ಓಡಿದರು. ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹೆಂಗಸರ ಪಿಸುಮಾತು ಕೇಳಿಸಿತು. ಮತ್ತೆ ಸಪ್ಪಳ ಶುರುವಾಯಿತು, ಇನ್ನಷ್ಟು ಜೋರಾಗಿ. ಹಾಳೆಯಂಥ ರೊಟ್ಟಿ ಬಂತು! ಗಿರಾಕಿಯ ಮಾತಿಗೆ ಇಷ್ಟು ಬೆಲೆ ಎಲ್ಲಿದೆ? ನನ್ನ ಹುದ್ದೆ ಮರಳಿ ಬಂದ ಹಾಗೆ ಎದೆ ಉಬ್ಬಿತು.

ಪಕ್ಕದಲ್ಲಿ ಕೂತಿದ್ದ ರುಮಾಲಿನ ಅಜ್ಜ ನನ್ನ ಕಿವಿಯಲ್ಲಿ, "ನೀವು ಹೆಣ್ಣಿನ ಕಡೆಯವರೇನ್ರಿ?" ಎಂದ. ಇದೆಂಥ ಪ್ರಶ್ನೆ! ವಯಸ್ಸಾಗಿದೆ ಪಾಪ ಎಂದು ನಕ್ಕು, ರೊಟ್ಟಿ ಮುರಿದೆ.

ಆಗ ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳು ಹೋಳಿಗೆ ಬಡಿಸಲು ಬಂದಳು. ತಲೆ ತಗ್ಗಿಸಿದ್ದಳು.

"ತಲಿ ಎತ್ತಿ ಬಡಸವಾ ತಂಗಿ," ಎಂದೆ ದೊಡ್ಡತನದಿಂದ. "ಇಲ್ಲಿ ಕೆಲಸಕ್ಕ ಹೊಸದಾಗಿ ಸೇರೀಯೇನು?"

ಸಾಲಿನಲ್ಲಿ ಕೂತವರೆಲ್ಲ ನನ್ನ ಕಡೆ ತಿರುಗಿದರು.

"ಅಕಿ ನನ್ನ ಮಗಳ್ರೀ," ಎಂದರು ಹಿರಿಯರು, ಅಳುವ ದನಿಯಲ್ಲಿ.

"ಹೌದ? ಸ್ವಂತ ಮಗಳನ್ನ ಬಡಸಾಕ ಹಚ್ಚೀರಿ, ಛಲೋ ಮಾಡೀರಿ. ಈಗ ಆಳು ಎಲ್ಲಿ ಸಿಗ್ತಾರ? ಒಂದು ಬೋರ್ಡ್ ಹಾಕ್ರಿ. ಊಟಕ್ಕ ಎಷ್ಟ ತಗೋತೀರಿ?"

ರುಮಾಲಿನ ಅಜ್ಜ ಎದ್ದು ನಿಂತ. "ಬೀಗ್ರ, ಇಂವಾ ಯಾರು? ನಿಮ್ಮ ಕಡೇದವ ಅಂತ ನಾ ತಿಳದಿದ್ದೆ!"

"ಅಯ್ಯ ಶಿವನ! ಇವ್ರು ನಿಮ್ಮ ಕಡೇದವ್ರು, ಹಿಂದಿನ ಗಾಡ್ಯಾಗ ಬಂದವ್ರು ಅಂತ ನಾ..." ಎಂದರು ಹಿರಿಯರು.

ಗಂಡಿನ ಕಡೆ. ಹೆಣ್ಣಿನ ಕಡೆ. ಹೂವಿನ ಮಾಲೆ. ವೀಳ್ಯದೆಲೆ. ನನ್ನ ತಲೆಯಲ್ಲಿ ಎಲ್ಲವೂ ಒಂದೊಂದಾಗಿ ಸರಿಯಾಗಿ ಕೂತವು, ಬಹಳ ತಡವಾಗಿ. ಲಗ್ನದ ಮಾತುಕತೆ ನಡೆದ ಮನೆಯಲ್ಲಿ ಕೂತು ಹೆಣ್ಣಿಗೆ ಕೆಲಸದವಳೇ ಎಂದು ಕೇಳಿದ್ದೆ! ಚನ್ನು ಹೋಳಿಗೆಯನ್ನು ಬಾಯಲ್ಲಿ ಇಟ್ಟುಕೊಂಡೇ ಕಲ್ಲಾಗಿದ್ದ. ಅಷ್ಟರಲ್ಲಿ ಅಡುಗೆಮನೆಯಿಂದ ತುಪ್ಪದ ಗಿಂಡಿ ಹಿಡಿದು ಬಂದವನು ಶಂಕರಪ್ಪ. ಅದು ಅವನ ಅಕ್ಕನ ಮನೆ, ರವಿವಾರದ ಊಟದ ಮನೆ.

ಅವನು ನನ್ನನ್ನು ನೋಡಿದ. ನಾನು ರೊಟ್ಟಿಯನ್ನು ನೋಡಿದೆ. ಈಗ ಅವನು ಒಂದು ಮಾತು ಆಡಿದ್ದರೆ ಸಾಕಿತ್ತು, ಹಳಿಯಾಳದ ಜನ ನನ್ನನ್ನು ಊರು ದಾಟಿಸಿ ಬರುತ್ತಿದ್ದರು.

"ಅಯ್ಯ, ಇವ್ರು ನಮ್ಮ ಬಾಜೂ ಮನಿಯವ್ರು!" ಎಂದ ಶಂಕರಪ್ಪ ನಗುತ್ತ. "ಊಟದಾಗ ಭಾಳ ತಿಳದವ್ರು. ಅಡಿಗಿ ರುಚಿ ನೋಡಿ ಹೇಳ್ರಿ ಅಂತ ನಾನ ಕರದಿದ್ದೆ. ಚ್ಯಾಷ್ಟಿ ಭಾಳ ಇವ್ರದು, ಮಾತು ಮನಸಿಗೆ ಹಚ್ಕೋಬ್ಯಾಡ್ರಿ."

ಅಜ್ಜ ಮೆಲ್ಲಗೆ ಕೂತ. "ಹಂಗಾರ ಹೇಳ್ರಿ, ಅಡಿಗಿ ಹೆಂಗ ಆಗೇತಿ?"

"ಇಂಥಾ ಊಟ ನಾ ಜನ್ಮದಾಗ ಉಂಡಿಲ್ಲ," ಎಂದೆ. ಆ ದಿನ ಆಡಿದ ಒಂದೇ ನಿಜವಾದ ಮಾತು.

"ಖಾರ ಕಮ್ಮಿ ಆಗಿಲ್ಲೇನ್ರಿ?" ಎಂದಳು ಹುಡುಗಿ, ಈಗ ತಲೆ ಎತ್ತಿ. ಅಜ್ಜ ಬಿದ್ದು ಬಿದ್ದು ನಕ್ಕ. "ಮಾತು ಬರತೈತಿ ಹುಡಗೀಗಿ! ನಮಗ ಪಸಂದ ಐತಿ" ಎಂದ. ಸಂಬಂಧ ಕುದುರಿತು. ನನ್ನಿಂದಲೇ ಕುದುರಿತು ಎಂದು ಎಲ್ಲಾದರೂ ಹೇಳಿಕೊಳ್ಳೋಣವೆಂದರೆ, ಹಿಂದಿನದನ್ನೂ ಹೇಳಬೇಕಾಗುತ್ತದೆ.

ಕಾಪಾಡಿದವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಗೊತ್ತೆ? ದಾಂಡೇಲಿಯವರೆಗೂ ಪ್ರಯತ್ನಿಸುತ್ತಲೇ ಬಂದೆ. ಶಂಕರಪ್ಪ ಯಾರಿಗೂ ಏನೂ ಹೇಳಲಿಲ್ಲ, ಅಷ್ಟರ ಮಟ್ಟಿಗೂ ಒಳ್ಳೆಯವನು! ಹೇಳಿದವನು ಚನ್ನು. ಬೈಕಿನಿಂದ ಇಳಿಯುವ ಮೊದಲೇ ಅಕ್ಕನಿಗೆ ಕೂಗಿ ಹೇಳಿದ. ನೀಲವ್ವ ಕಟ್ಟೆಯ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತ ನಕ್ಕಳು. ಆಮೇಲೆ ಕಾಲೊನಿ ನಕ್ಕಿತು.

ಈಗ ಜನ ಮತ್ತೆ ನನ್ನ ಬಾಗಿಲಿಗೆ ಬರುತ್ತಾರೆ. ಊಟದ ವಿಷಯವನ್ನೇ ಕೇಳುತ್ತಾರೆ. "ಏನ್ರೀ, ಈ ರವಿವಾರ ಯಾರ ಮನ್ಯಾಗ ಊಟ?"

ನಾನೂ ಮರ್ಯಾದೆ ಬಿಟ್ಟು ಉತ್ತರ ಕೊಡುತ್ತೇನೆ:

"ನನಗೇನ ಗೊತ್ತು? ಶಂಕರಪ್ಪನ್ನ ಕೇಳ್ರಿ."