‘ಗೌರವ’ ಎಂಬ ಫೈಲು

ಹುಮನಾಬಾದಿನ ಒಂದು ಸಾಫ್ಟ್‌ವೇರ್ ಸಂಸ್ಥೆ ತನ್ನ ದೊಡ್ಡವರ ಹೆಸರು ಮೆರೆಸಲು ಜನರ ಕಬ್ಬನ್ನು ಬಿಸಿಲಲ್ಲಿ ಒಣಗಿಸಿತು. ಸಂಸ್ಥೆಯ ನಿಯಮದಲ್ಲಿ ಇದಕ್ಕೆ ಅವಕಾಶವಿದೆ.

ಸಂಸ್ಥೆ ಮಾಡುವುದು ಸಕ್ಕರೆ ಕಾರ್ಖಾನೆಯ ತೂಕದ ಕಾಟಾ ನಡೆಸುವ ಪ್ರೋಗ್ರಾಮು. ಸಿ ಭಾಷೆಯಲ್ಲಿ ಬರೆದ ಸಾವಿರಾರು ಫೈಲು. ಪ್ರತಿಯೊಂದರ ತಲೆಯಲ್ಲೂ ‘ಗೌರವ’ ಎಂಬ ಫೈಲನ್ನು ಕಡ್ಡಾಯವಾಗಿ ಸೇರಿಸತಕ್ಕದ್ದು. ಅದರಲ್ಲಿರುವುದು ನಿರ್ದೇಶಕರ ಹೆಸರು, ಬಿರುದು, ಅಷ್ಟೇ. ಅದರಲ್ಲಿ ಒಂದಕ್ಷರ ಬದಲಾದರೂ, ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರು ಎಲ್ಲ ಫೈಲುಗಳನ್ನೂ ಮೊದಲಿನಿಂದ ಓದಬೇಕು; ಅದಕ್ಕೆ ದಿನಗಳೇ ಹಿಡಿಯುತ್ತವೆ. ಬಿರುದು ಬದಲಾಗದ ವಾರವಿರಲಿಲ್ಲ.

ಹಂಗಾಮಿನ ನಡುವೆ ಕಾಟಾ ತಪ್ಪು ತೂಕ ತೋರಿಸಿ ನಿಂತಿತು. ಎಂಜಿನಿಯರ್ ರತ್ನಮಾಲಾ ಚಹಾ ಆರುವುದರೊಳಗೆ ತಪ್ಪು ತಿದ್ದಿ ಕಂಪೈಲಿಗೆ ಹಾಕಿದಳು. ಅದು ಮುಗಿಯುವ ಮೊದಲೇ ಬಸವಕಲ್ಯಾಣದಲ್ಲಿ ಯಾರೋ ನಿರ್ದೇಶಕ ಮಹಾರುದ್ರಪ್ಪನವರಿಗೆ ಶಾಲು ಹೊದಿಸಿ ‘ಸಮಾಜರತ್ನ’ ಅಂದರು. ‘ಗೌರವ’ ತಿದ್ದಲಾಯಿತು. ಕಂಪೈಲು ಮತ್ತೆ ಮೊದಲಿನಿಂದ.

ಕಾರ್ಖಾನೆಯ ಸಾಲಿನಲ್ಲಿ ಅವಳ ತಾಯಿ ಗಿರಿಜಾಬಾಯಿಯ ಟ್ರ್ಯಾಕ್ಟರೂ ನಿಂತಿತ್ತು. ಫೋನು ಬಂತು.

“ಕಬ್ಬು ಒಣಗಾಕತ್ತದ. ಕಟಗಿ ಆದಮ್ಯಾಲೆ ತೂಗ್ತೀರೇನು?”

ರತ್ನಮಾಲಾ ತನ್ನ ಕಂಪ್ಯೂಟರಿನಲ್ಲಿ ‘ಗೌರವ’ವನ್ನು ಬದಿಗಿಟ್ಟು ನೋಡಿದಳು. ತಿದ್ದಿದ ಒಂದು ಫೈಲಷ್ಟೇ ಕಂಪೈಲಾಗಿ, ಕುರ್ಚಿಯಿಂದ ಏಳುವುದರೊಳಗೆ ಕೆಲಸ ಮುಗಿದಿತ್ತು. ಮಹಾರುದ್ರಪ್ಪನವರಿಗೆ ಹೋಗಿ ಹೇಳಿದಳು.

“ನನ್ನ ಹೆಸರು ತೆಗದ್ರ ಮಷೀನ್ ಜೋರ್ ಓಡ್ತದ ಅಂತೀಯೇನವಾ?”

“ಹೌದ್ರಿ ಸರ್.”

“ಹಂಗಾದ್ರ ತಪ್ಪು ಮಷೀನಿಂದು.”

ಮರುದಿನ ಸುತ್ತೋಲೆ ಹೊರಟಿತು: “ಕಂಪೈಲ್ ವೇಳೆ ಕಡಿತ ಸಮಿತಿಯನ್ನು ರಚಿಸಿ ಆದೇಶಿಸಲಾಗಿದೆ. ಸದಸ್ಯರ ಹೆಸರುಗಳನ್ನು ‘ಗೌರವ’ದಲ್ಲಿ ಸೇರಿಸತಕ್ಕದ್ದು.” ಕಂಪೈಲು ಮೊದಲಿನಿಂದ. ಸಮಿತಿ ಹೆದ್ದಾರಿಯ ಢಾಬಾದಲ್ಲಿ ಉಂಡು ತೀರ್ಮಾನಿಸಿತು: ನಿರ್ದೇಶಕರು ಕಚೇರಿಯಲ್ಲಿ ಕೂತಿರುವ ಹೊತ್ತನ್ನು ಮಾತ್ರ ಕಂಪೈಲ್ ವೇಳೆಯೆಂದು ಪರಿಗಣಿಸತಕ್ಕದ್ದು. ಅವರು ಕೂರುವುದೇ ಅಪರೂಪ. ಕಾಗದದ ಮೇಲೆ ವೇಳೆ ಹೆಚ್ಚುಕಡಿಮೆ ಇಲ್ಲವೇ ಇಲ್ಲವಾಯಿತು. ಸಮಸ್ಯೆ ಎತ್ತಿದ ರತ್ನಮಾಲಾಳಿಗೂ ಶಾಲು ಹೊದಿಸಿ, ಅವಳ ಹೆಸರನ್ನೂ ‘ಗೌರವ’ಕ್ಕೆ ಸೇರಿಸಿದರು. ಕಂಪೈಲು ಮೊದಲಿನಿಂದ.

ಕಡೆಗೆ ಕಾಟಾ ಚಾಲೂ ಆಯಿತು. ಬಹಳ ಸರಿಯಾಗಿ ತೂಗಿತು, ಒಣಗಿ ಹಗುರಾದದ್ದನ್ನು. ಗಿರಿಜಾಬಾಯಿ ಮಗಳ ಹೆಗಲು ನೋಡಿ ಅಂದಳು: “ಆ ಶಾಲ್ ಕಬ್ಬಿಗಾದ್ರೂ ಹೊದಿಸಬೇಕಿತ್ತು. ನೆಳ್ಳಾದ್ರೂ ಸಿಗ್ತಿತ್ತು.”

ಈಗ ಸುತ್ತಲಿನ ಊರವರು ಯಾರಿಗೆ ಸನ್ಮಾನವಿದೆಯೆಂದು ಕೇಳಿಕೊಂಡೇ ಕಬ್ಬು ಕಡಿಯುತ್ತಾರೆ. ಯಾರದೂ ತಕರಾರಿಲ್ಲ.

ನೀವು ಕಬ್ಬು ಬೆಳೆಯುವವರೋ, ಬರೀ ಸಕ್ಕರೆ ತಿನ್ನುವವರೋ, ಮುಂದಿನ ಶಾಲು ಬಿಚ್ಚುವ ಮೊದಲು ಆ ಕಚೇರಿಗೆ ನಡೆಯಿರಿ. ಆ ಫೈಲು ತೆಗೆಸದೆ ಅಲ್ಲಿಂದ ಏಳಬೇಡಿ.